ಬ್ರೇಕಿನ ಕಾಲು

ನನ್ನ ಕಾಲು ಸುಟ್ಟಿದೆ ಅಂತ ನನಗೆ ಹೇಳಿದವನು ನನ್ನ ಕಂಡಕ್ಟರ್ ಮಹಿಬೂಬ. ಕಾಲು ಹೇಳಲಿಲ್ಲ.

ಏಪ್ರಿಲ್ ತಿಂಗಳು, ಮಧ್ಯಾಹ್ನದ ಹೊತ್ತು. ದೇವದುರ್ಗದಿಂದ ಬಂದು ರಾಯಚೂರು ಬಸ್ ನಿಲ್ದಾಣದಲ್ಲಿ ಬಸ್ಸು ನಿಲ್ಲಿಸಿದ್ದೆ. ಜನ ಇಳಿದರು, ನಾನೂ ಇಳಿದು ನೀರು ಕುಡಿಯಲು ನಲ್ಲಿಯ ಕಡೆ ಹೊರಟೆ. ಅರ್ಧ ದಾರಿಗೆ ಮಹಿಬೂಬ ಹಿಂದಿನಿಂದ ಓಡಿ ಬಂದ. ಅವನ ಕೈಯಲ್ಲಿ ನನ್ನ ಬಲಗಾಲಿನ ಚಪ್ಪಲಿ ಇತ್ತು. ಒಂದೇ ಚಪ್ಪಲಿ ಮೆಟ್ಟಿಕೊಂಡು ಹೊಂಟೀಯಲ್ಲ ಅಣ್ಣಾ ಅಂತ ನಗುತ್ತಿದ್ದವನು ನನ್ನ ಕಾಲು ನೋಡಿ, ಅಣ್ಣಾ ಕಾಲು ಸುಟ್ಟದ ಅಂದ. ಕೆಳಗೆ ನೋಡಿದೆ. ಎಡಗಾಲಿಗೆ ಚಪ್ಪಲಿ ಇತ್ತು, ಬಲಗಾಲು ಬರಿದಾಗಿತ್ತು. ರಾಯಚೂರಿನ ಏಪ್ರಿಲ್ ಬಿಸಿಲಿಗೆ ಕಾದ ಸಿಮೆಂಟಿನ ಮೇಲೆ ಇಪ್ಪತ್ತು ಹೆಜ್ಜೆ ನಡೆದಿದ್ದೆ. ಹಿಂದೆ ತಿರುಗಿದರೆ ಒಂದು ಕಾಲಿನ ಗುರುತು ಮಾತ್ರ ಒದ್ದೆಯಾಗಿ ಮೂಡಿತ್ತು. ಅದು ನೀರಲ್ಲ.

ಅಲ್ಲೇ ಕಟ್ಟೆಯ ಮೇಲೆ ಕೂತು ಕಾಲು ಎತ್ತಿ ನೋಡಿಕೊಂಡೆ. ಹಿಮ್ಮಡಿಯ ಚರ್ಮ ಗುಳ್ಳೆ ಎದ್ದು, ಒಡೆದು, ಸುಲಿದು ಹೋಗಿತ್ತು. ಒಳಗಿನ ಮಾಂಸ ಕೆಂಪಗೆ ಕಾಣುತ್ತಿತ್ತು. ಬೇರೆ ಯಾರದೋ ಕಾಲು ನೋಡಿದ ಹಾಗೆ ನೋಡಿದೆ. ನೋವು ಇರಲಿಲ್ಲ. ಗಾಯಕ್ಕಿಂತ ಅದು ನನ್ನನ್ನು ಹೆಚ್ಚು ಹೆದರಿಸಿತು. ಬೆರಳಿನಿಂದ ಗಾಯದ ಪಕ್ಕ ಒತ್ತಿದೆ. ಬೆರಳಿಗೆ ಗೊತ್ತಾಯಿತು, ಕಾಲಿಗೆ ಇಲ್ಲ.

ನನ್ನ ಹೆಸರು ಅಮರೇಶ. ಹುಟ್ಟಿದ್ದು ದೇವದುರ್ಗ ತಾಲ್ಲೂಕಿನ ಹಳ್ಳಿಯಲ್ಲಿ, ಕೂಲಿ ಮಾಡುವವರ ಮನೆಯಲ್ಲಿ. ಈಗ ಮನೆ ಮಾನ್ವಿಯಲ್ಲಿ. ಇಪ್ಪತ್ತೆರಡು ವರ್ಷ ಸರ್ಕಾರಿ ಬಸ್ಸು ಓಡಿಸಿದೆ. ಬೆಳಿಗ್ಗೆ ಮಾನ್ವಿಯಿಂದ ರಾಯಚೂರು, ಅಲ್ಲಿಂದ ದೇವದುರ್ಗ, ಮತ್ತೆ ಬಂದ ದಾರಿಯಲ್ಲೇ ಮನೆಗೆ. ನಮ್ಮ ಮನೆತನದಲ್ಲಿ ಸರ್ಕಾರಿ ಸಮವಸ್ತ್ರ ತೊಟ್ಟ ಮೊದಲನೆಯವನು ನಾನು. ಊರಿಗೆ ಹೋದರೆ ಮುದುಕರು ನನ್ನನ್ನು ಹೆಸರಿನಿಂದ ಕರೆಯುವುದಿಲ್ಲ, ಡ್ರೈವರಪ್ಪ ಅನ್ನುತ್ತಾರೆ. ಆ ಹೆಸರು ನನಗೆ ಎಷ್ಟು ಬೇಕಾಗಿತ್ತು ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಾನು ಮಾಡಿದ ದಡ್ಡತನಗಳೆಲ್ಲ ಅದನ್ನು ಉಳಿಸಿಕೊಳ್ಳಲು ಮಾಡಿದವು.

ನಮ್ಮ ಕಡೆ ಹಳೆಯ ಡ್ರೈವರುಗಳಿಗೆ ಒಂದು ರೂಢಿ ಇದೆ. ಸೀಟಿಗೆ ಏರುವ ಮುಂಚೆ ಚಪ್ಪಲಿ ಕಳಚಿ ಪಕ್ಕಕ್ಕಿಡುತ್ತೇವೆ. ಪೆಡಲು ಬರಿಗಾಲಿಗೆ ಗೊತ್ತಾಗುವಷ್ಟು ಬೂಟಿಗೆ ಗೊತ್ತಾಗುವುದಿಲ್ಲ ಅಂತ ನನಗೆ ಕಲಿಸಿದವರೂ ಹೇಳಿದ್ದರು, ನಾನೂ ಹತ್ತು ಜನರಿಗೆ ಹೇಳಿದ್ದೇನೆ. ಬೇಸಿಗೆಯಲ್ಲಿ ಇಂಜಿನ್ ಪಕ್ಕದ ತಗಡು ರೊಟ್ಟಿ ಹಂಚಿನ ಹಾಗೆ ಕಾಯುತ್ತದೆ. ಉಳಿದವರು ಹಿಮ್ಮಡಿಯ ಕೆಳಗೆ ಗೋಣಿತಟ್ಟು ಹಾಕಿಕೊಳ್ಳುತ್ತಿದ್ದರು. ಎರಡು ಬೇಸಿಗೆಯಿಂದ ನಾನು ಅದನ್ನೂ ಬಿಟ್ಟಿದ್ದೆ. ಸುಡುವುದಿಲ್ಲೇನು ಅಂತ ಕೇಳಿದವರಿಗೆ, ನಾನು ಎರಿಹೊಲದ ಕಪ್ಪು ಮಣ್ಣಿನಲ್ಲಿ ಬರಿಗಾಲಲ್ಲಿ ಬೆಳೆದವನು, ನಿಮ್ಮ ಹಾಗೆ ಮೆತ್ತಗಿನ ಕಾಲಲ್ಲ ಅಂತ ಮೀಸೆ ತಿರುವುತ್ತಿದ್ದೆ. ರೋಗವನ್ನು ಗಟ್ಟಿತನ ಅಂದುಕೊಂಡು ಎರಡು ವರ್ಷ ಜಂಬ ಪಟ್ಟೆ.

ಸಕ್ಕರೆ ಕಾಯಿಲೆ ಇದ್ದದ್ದು ಗೊತ್ತಿತ್ತು. ಗುಳಿಗೆ ನೆನಪಾದಾಗ ನುಂಗುತ್ತಿದ್ದೆ. ಮಹಿಬೂಬ ನನ್ನನ್ನು ಆಟೊದಲ್ಲಿ ಹಾಕಿಕೊಂಡು ದವಾಖಾನೆಗೆ ಹೋದ. ಹೊರಗೆ ಬೆಂಚಿನ ಮೇಲೆ ಎರಡು ತಾಸು ಕೂತೆವು. ನನ್ನ ಎದುರಿಗೆ ಒಬ್ಬ ಮುದುಕ ಕೂತಿದ್ದ. ಅವನ ಪಂಚೆಯ ಕೆಳಗೆ ಒಂದೇ ಪಾದ ಕಾಣುತ್ತಿತ್ತು. ಎಲ್ಲಿ ನೋಡಬೇಕೋ ತಿಳಿಯದೆ ನಾನು ಗೋಡೆಯ ಮೇಲಿನ ಗಡಿಯಾರ ನೋಡುತ್ತಿದ್ದೆ. ಆತ ತಾನಾಗಿಯೇ ಕೇಳಿದ, ನಿಮಗೂ ಸಕ್ಕರಿ ಏನ್ರಿ ಅಂತ. ಇಲ್ಲ, ಬಿಸಿಲಿಗೆ ಸ್ವಲ್ಪ ಸುಟ್ಟದ ಅಂದೆ. ಅವನು ತಲೆಯಾಡಿಸಿ, ಮೊದಲು ನಾನೂ ಹಂಗೇ ಅಂದಿದ್ದೆ ಅಂದ.

ಒಳಗೆ ಡಾಕ್ಟರು ಗಾಯ ತೊಳೆಸಿದ ಮೇಲೆ ನನಗೆ ಕಣ್ಣು ಮುಚ್ಚಲು ಹೇಳಿದರು. ಮೀನಿನ ಗಾಳದ ದಾರದಂಥ ಒಂದು ಎಳೆಯಿಂದ ಪಾದಕ್ಕೆ ಅಲ್ಲಲ್ಲಿ ಚುಚ್ಚುತ್ತೇನೆ, ತಾಗಿದಾಗಲೆಲ್ಲ ಹೂಂ ಅನ್ನಿ ಅಂದರು. ಕಣ್ಣು ಮುಚ್ಚಿ ಕಾದೆ. ಹೊರಗೆ ಯಾರೋ ಚೀಟಿ ಸಂಖ್ಯೆ ಕೂಗುತ್ತಿದ್ದರು. ಫ್ಯಾನು ತಿರುಗುತ್ತಿತ್ತು. ಬಹಳ ಹೊತ್ತಾದ ಮೇಲೆ ನನಗೆ ಬೇಸರ ಬಂತು.

"ಶುರು ಮಾಡ್ರಿ ಸರ್" ಅಂದೆ.

"ಮುಗೀತ್ರಿ" ಅಂದರು ಡಾಕ್ಟರು.

ಕಣ್ಣು ತೆರೆದೆ. ಅವರು ಆಗಲೇ ಬರೆಯುತ್ತಿದ್ದರು. ಮಹಿಬೂಬ ಬಾಗಿಲ ಹತ್ತಿರ ನಿಂತು ಎಲ್ಲವನ್ನೂ ನೋಡಿದ್ದ, ಆಮೇಲೆ ಅವನೇ ಹೇಳಿದ. ಎರಡೂ ಪಾದ ಸೇರಿ ಇಪ್ಪತ್ತು ಕಡೆ ಚುಚ್ಚಿದರಂತೆ. ನಾನು ಒಂದು ಸಲವೂ ಹೂಂ ಅನ್ನಲಿಲ್ಲವಂತೆ. ಆ ಹತ್ತು ನಿಮಿಷದಷ್ಟು ಯಾವುದೂ ನನ್ನನ್ನು ಬೆಚ್ಚಿಬೀಳಿಸಿಲ್ಲ ಅಂತ ಬಹಳ ದಿನ ಅಂದುಕೊಂಡಿದ್ದೆ. ಅದಕ್ಕಿಂತ ದೊಡ್ಡದು ಇನ್ನೂ ಬರುವುದಿತ್ತು.

ಗಾಯದ ನಂಜು ಎಲುಬಿಗೆ ಇಳಿದಿರಲಿಲ್ಲ. ಕಾಲು ಉಳಿಯಿತು, ಆದರೆ ಗಾಯ ಮಾಯಲು ಮಳೆಗಾಲ ಮುಗಿಯಬೇಕಾಯಿತು. ನನ್ನ ಹೆಂಡತಿ ಹುಲಿಗೆಮ್ಮ ಮೊದಲ ದಿನ ಗಾಯ ನೋಡಿ ಅಳಲಿಲ್ಲ, ಬೈಯಲಿಲ್ಲ. ಮನೆಯಲ್ಲಿದ್ದ ಮುಖ ನೋಡುವ ಕನ್ನಡಿ ತಂದು ನೆಲದ ಮೇಲಿಟ್ಟು, ದಿನಾ ಬೆಳಿಗ್ಗೆ ಅದರ ಮೇಲೆ ನನ್ನ ಪಾದ ಹಿಡಿಸಿ ಅಡಿ ನೋಡಲು ಶುರು ಮಾಡಿದಳು. ಅಕ್ಕಿಯಲ್ಲಿ ಹರಳು ಆರಿಸುವವರ ಹಾಗೆ ನೋಡುತ್ತಿದ್ದಳು. ಬಂಧುಗಳು ಒಬ್ಬೊಬ್ಬರು ಒಂದೊಂದು ಎಲೆ, ಒಂದೊಂದು ಎಣ್ಣೆ ಹೇಳಿದರು. ಅವಳು ಎಲ್ಲರಿಗೂ ಚಹಾ ಕೊಟ್ಟು ಎಲ್ಲರ ಮಾತಿಗೂ ತಲೆಯಾಡಿಸಿ, ಡಾಕ್ಟರು ಕೊಟ್ಟ ಮುಲಾಮು ಬಿಟ್ಟು ಬೇರೆ ಏನೂ ಹಚ್ಚಲಿಲ್ಲ. ನಾನು ಮಾತ್ರ ದಿನಕ್ಕೆ ನಾಲ್ಕು ಸಲ ಅವಳ ಮೇಲೆ ರೇಗುತ್ತಿದ್ದೆ. ಮನೆಯಲ್ಲಿ ಕೂತ ಡ್ರೈವರ್ ಎಂಥವನಿರುತ್ತಾನೆ ಅನ್ನುವುದನ್ನು ಡ್ರೈವರುಗಳ ಹೆಂಡಂದಿರನ್ನೇ ಕೇಳಬೇಕು.

ಗಾಯ ಮಾಯ್ದ ಮೇಲೆ ಡಿಪೋದಲ್ಲಿ ನನಗೆ ಕೂತು ಮಾಡುವ ಕೆಲಸ ಕೊಟ್ಟರು. ಹೋಗುವ ಬರುವ ಬಸ್ಸಿನ ಸಮಯ ಬರೆಯುವುದು. ನನಗಿಂತ ಚಿಕ್ಕವರು ಸೀಟು ಏರಿ ಹಾರ್ನು ಹೊಡೆದು ಹೊರಡುವಾಗ ನಾನು ಕಿಟಕಿಯಲ್ಲಿ ಕೂತು ಗಂಟೆ ಬರೆಯುತ್ತಿದ್ದೆ. ನನಗೆ ನನ್ನ ಸೀಟು ಬೇಕಾಗಿತ್ತು. ಅದಕ್ಕೆ ವೈದ್ಯಕೀಯ ತಪಾಸಣೆಯಲ್ಲಿ ಪಾಸಾಗಬೇಕಿತ್ತು. ಆದರೆ ಮಬ್ಬುಗತ್ತಲಲ್ಲಿ ನಡೆದರೆ ಎಡವುತ್ತಿದ್ದೆ. ಮುಖ ತೊಳೆಯಲು ಕಣ್ಣು ಮುಚ್ಚಿದರೆ ತೂರಾಡುತ್ತಿದ್ದೆ. ಡಾಕ್ಟರಿಗೆ ಇದನ್ನು ಹೇಳಿದಾಗ ರಾಯಚೂರಿನಲ್ಲೇ ಪರ್ವೀನ್ ಮೇಡಂ ಅನ್ನುವವರು ನಡೆಸುವ, ಮೈಯ ಚಲನೆಯನ್ನು ಗಮನಿಸಲು ಕಲಿಸುವ ಕ್ಲಾಸಿಗೆ ಹೋಗಲು ಹೇಳಿದರು.

ಕಸರತ್ತು ಮಾಡಿಸುತ್ತಾರೆ ಅಂತ ತಿಳಿದು ಟವೆಲು, ನೀರಿನ ಬಾಟಲಿ ಹಿಡಿದು ಹೋದೆ. ಮೊದಲ ಮಹಡಿಯ ಒಂದು ಹಾಲಿನಲ್ಲಿ ಚಾಪೆ ಹಾಸಿದ್ದರು. ಒಂಬತ್ತು ಜನ ಹೆಂಗಸರು, ಒಬ್ಬ ನಿವೃತ್ತ ಹೆಡ್ ಮಾಸ್ತರು, ನಾನು. ಎಲ್ಲರೂ ಅಂಗಾತ ಮಲಗಬೇಕಂತೆ. ಪರಿಚಯವಿಲ್ಲದ ಹೆಂಗಸರ ಮುಂದೆ ಹಾಡುಹಗಲು ಹೇಗೆ ಮಲಗುವುದು ಅಂತ ನಾನು ಬಾಗಿಲಲ್ಲೇ ನಿಂತೆ. ಹೆಡ್ ಮಾಸ್ತರು ಚಾಪೆಯ ಮೇಲಿಂದಲೇ, ನಾಚಿಕೆ ಮೊದಲನೇ ದಿನ ಅಷ್ಟೇ ಇರ್ತದ, ಎರಡನೇ ದಿನ ನಿದ್ದಿ ಬರ್ತದ ಅಂದರು. ಕೊನೆಯ ಚಾಪೆ ಹಿಡಿದೆ.

ಪರ್ವೀನ್ ಮೇಡಂ ನಲವತ್ತರ ಆಸುಪಾಸಿನ ಹೆಂಗಸು, ರಾಯಚೂರಿನ ಕೋಟೆಯ ಒಳಗೇ ಬೆಳೆದವರು. ತಾವು ಏನೂ ಮಾಡಿ ತೋರಿಸುವುದಿಲ್ಲ, ಬಾಯಲ್ಲಿ ಹೇಳುತ್ತಾ ನಮ್ಮ ನಡುವೆ ಓಡಾಡುತ್ತಾರೆ. ಬಲ ಮೊಣಕಾಲು ಒಂದಿಷ್ಟು ಹೊರಗೆ ವಾಲಿಸಿ. ಅದರ ಅರ್ಧ. ಆ ಅರ್ಧದ ಅರ್ಧ. ಸೊಂಟದಲ್ಲಿ ಏನು ಗೊತ್ತಾಗುತ್ತದೆ ನೋಡಿ. ಈಗ ಬಿಟ್ಟು ಸುಮ್ಮನಿರಿ. ಇಷ್ಟೇ. ನಾನು ಎಲ್ಲರಿಗಿಂತ ಮುಂಚೆ, ಎಲ್ಲರಿಗಿಂತ ಹೆಚ್ಚು ಮೊಣಕಾಲು ಬಾಗಿಸಿ ಮುಗಿಸಿ, ಮುಂದಿನದಕ್ಕೆ ಕಾಯುತ್ತಿದ್ದೆ. ಅವರು ನನ್ನ ತಲೆಯ ಹತ್ತಿರ ಬಂದು ಕೂತು, "ಅಮರೇಶಣ್ಣ, ಇಲ್ಲಿ ಓವರ್‌ಟೇಕ್ ಇಲ್ರಿ" ಅಂದರು. ಹೆಂಗಸರೆಲ್ಲ ಮಲಗಿದಲ್ಲೇ ನಕ್ಕರು. ನನಗೆ ಸಿಟ್ಟು ಬಂತು, ಆದರೂ ಮುಂದಿನ ವಾರ ಹೋದೆ.

ಎರಡು ತಿಂಗಳಲ್ಲಿ ನಿಜವಾಗಿ ಬದಲಾದೆ. ಕಾಲಿಗೆ ಸ್ಪರ್ಶ ಮರಳಲಿಲ್ಲ, ಅದು ಮರಳುವ ಭರವಸೆಯನ್ನು ಯಾರೂ ಕೊಟ್ಟಿರಲಿಲ್ಲ. ಆದರೆ ನೆಲಕ್ಕೆ ಊರಿದ ಪಾದದ ಸುದ್ದಿ ಮೊಣಕಾಲಿನಿಂದ, ಸೊಂಟದಿಂದ ಬರುತ್ತದೆ ಅಂತ ಕಲಿತೆ. ನಿಧಾನಕ್ಕೆ ಭಾರ ಹಾಕಿದರೆ ಎಲ್ಲಿ ನಿಂತಿದ್ದೇನೆ ಅಂತ ತಿಳಿಯುತ್ತಿತ್ತು. ಎಡವುವುದು ಕಡಿಮೆಯಾಯಿತು. ಮುಖ ತೊಳೆಯುವಾಗ ಗೋಡೆ ಹಿಡಿಯುವುದು ಬಿಟ್ಟೆ. ನನ್ನ ಪಕ್ಕದ ಚಾಪೆಯ ಹೆಂಗಸು ಸಿರವಾರದಿಂದ ಬರುತ್ತಿದ್ದಳು, ಪಾರ್ಶ್ವವಾಯು ಹೊಡೆದು ಎದ್ದವಳು. ಅವಳು ತನ್ನ ಎಡಗೈಯಿಂದ ಮೊದಲ ಸಲ ಸೆರಗು ಸರಿ ಮಾಡಿಕೊಂಡ ದಿನ ನಾವೆಲ್ಲ ಕ್ಲಾಸು ಬಿಟ್ಟು ಚಹಾ ಕುಡಿದೆವು. ಅಂಥ ದಿನಗಳಲ್ಲಿ ನನಗೂ ಎಲ್ಲ ಸರಿಹೋಗುತ್ತದೆ ಅನ್ನಿಸುತ್ತಿತ್ತು. ತಪಾಸಣೆಗೆ ಅರ್ಜಿ ಹಾಕಿದೆ.

ಕ್ಲಾಸಿನ ಜೊತೆಗೆ ಮೇಡಂ ಒಬ್ಬೊಬ್ಬರನ್ನೇ ಕರೆದು ಪಾಠ ಮಾಡುತ್ತಿದ್ದರು. ಹಾಲಿನ ಹಿಂದಿನ ಸಣ್ಣ ಕೋಣೆ, ಅದರಲ್ಲಿ ಅಗಲವಾದ ಒಂದು ಮರದ ಮಂಚ. ಮೊದಲ ಸಲ ಅವರು ನನ್ನ ಪಾದವನ್ನು ಎರಡೂ ಕೈಯಲ್ಲಿ ಹಿಡಿದಾಗ ನಾನು ಕಸಿದುಕೊಂಡೆ. ಓದಿದ ಹೆಣ್ಣುಮಗಳು ನನ್ನ ಕಾಲು ಹಿಡಿಯುವುದೆಂದರೇನು, ಪಾಪ ಸುತ್ತಿಕೊಳ್ಳುತ್ತದೆ ಅಂದೆ. ಅವರು ನಗಲಿಲ್ಲ. ಎರಡು ವರ್ಷದಿಂದ ಈ ಕಾಲನ್ನು ನೀವೂ ಕೇಳಿಲ್ಲ, ಯಾರಾದರೂ ಕೇಳಬೇಕಲ್ಲ ಅಂದರು. ಹಿಮ್ಮಡಿಯ ಕೆಳಗೆ ಒಂದು ಹಲಗೆ ಒತ್ತಿ, ಮೊಣಕಾಲಿನವರೆಗೆ ಆ ಒತ್ತಡ ಏರುವುದನ್ನು ನನ್ನಿಂದಲೇ ಹೇಳಿಸಿದರು. ಬಹಳ ದಿನದ ಮೇಲೆ ಆ ಕಾಲು ನನ್ನದು ಅನ್ನಿಸಿತು. ಕಣ್ಣಲ್ಲಿ ನೀರು ಬಂದದ್ದನ್ನು ಮರೆಸಲು ಕೆಮ್ಮಿದೆ.

ತಪಾಸಣೆಗೆ ಒಂದು ವಾರ ಇದ್ದಾಗ ಅವರ ಹತ್ತಿರ ಒಂದು ಪತ್ರ ಕೇಳಿದೆ. ಕಾಲು ಸುಧಾರಿಸಿದೆ ಅಂತ ನಾಲ್ಕು ಸಾಲು ಬರೆದುಕೊಟ್ಟರೆ ತಪಾಸಣೆಯ ಡಾಕ್ಟರಿಗೆ ತೋರಿಸಬಹುದು ಅನ್ನುವ ಲೆಕ್ಕ. ಪತ್ರದ ಮಾತು ಆಮೇಲೆ, ಬುಧವಾರ ಬನ್ನಿ ಅಂದರು.

ಬುಧವಾರ ಮಂಚದ ಬದಲು ಕುರ್ಚಿ ಹಾಕಿದ್ದರು. ಅದರ ಮುಂದೆ ಎರಡು ಮರದ ತುಂಡು. ಬ್ರೇಕು ಎಷ್ಟು ದೂರ, ಎಕ್ಸಲೇಟರ್ ಎಷ್ಟು ದೂರ, ನಿಮ್ಮ ಬಸ್ಸಿನಲ್ಲಿ ಇರುವ ಹಾಗೆ ನೀವೇ ಇಡಿ ಅಂದರು. ನನಗೆ ಖುಷಿಯಾಯಿತು. ಗೇಣು ಹಾಕಿ ಅಳೆದು, ಬಟ್ಟೆ ಸುತ್ತಿ ಎತ್ತರ ಸರಿ ಮಾಡಿ, ಸೀಟಿನ ಹಾಗೆ ಕುರ್ಚಿ ಎಳೆದುಕೊಂಡು ಕೂತೆ. ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತಿರಿ, ಅದೇ ರಸ್ತೆ ಅಂದುಕೊಳ್ಳಿ, ನಾನು ಹೇಳಿದ ಪೆಡಲು ಒತ್ತಿ ಅಂದರು. ಅವರು ಹೇಳುತ್ತಾ ಹೋದರು, ನಾನು ಒತ್ತುತ್ತಾ ಹೋದೆ. ಇಪ್ಪತ್ತೆರಡು ವರ್ಷದ ಅಭ್ಯಾಸ, ಯೋಚನೆ ಮಾಡುವುದೇ ಬೇಡ. ಬಲಗಡೆಯ ಕಿಟಕಿಯಿಂದ ಗಾಳಿ ಬರುತ್ತಿತ್ತು, ನಿಜವಾಗಿಯೂ ಮಾನ್ವಿ ದಾರಿಯ ಕಲ್ಮಲಾ ದಾಟುತ್ತಿದ್ದೇನೆ ಅನ್ನಿಸಿತು.

"ಬ್ರೇಕ್" ಅಂದರು.

ಒತ್ತಿದೆ.

"ಹಂಗೇ ಇರ್ರಿ. ಕಾಲು ತಗೀಬ್ಯಾಡ್ರಿ. ಈಗ ಕೆಳಗ ನೋಡ್ರಿ."

ನೋಡಿದೆ. ನನ್ನ ಕಾಲು ಎಕ್ಸಲೇಟರಿನ ಮೇಲಿತ್ತು. ಅರ್ಧಂಬರ್ಧ ಅಲ್ಲ, ಪೂರ್ತಿ ಪಾದ ಊರಿ, ಗಟ್ಟಿಯಾಗಿ ಒತ್ತಿಕೊಂಡಿತ್ತು.

ತುಂಡು ಜರುಗಿದೆ ಅಂತ ವಾದ ಮಾಡಿದೆ. ಅವರು ಸೀಮೆಸುಣ್ಣದ ಕಡ್ಡಿ ಕೊಟ್ಟರು. ಎರಡೂ ತುಂಡಿನ ಸುತ್ತ ನಾನೇ ಗೆರೆ ಎಳೆದೆ. ಮತ್ತೆ ಶುರು ಮಾಡಿದೆವು. ಹತ್ತು ಸಲ ಬ್ರೇಕ್ ಅಂದರು. ಏಳು ಸಲ ಕಾಲು ಬ್ರೇಕಿನ ಮೇಲಿತ್ತು, ಮೂರು ಸಲ ಇರಲಿಲ್ಲ. ನನ್ನನ್ನು ನಡುಗಿಸಿದ್ದು ಆ ಮೂರಲ್ಲ. ಹತ್ತೂ ಸಲ ನನಗೆ ಒಂದೇ ರೀತಿ ಅನ್ನಿಸಿತ್ತು. ಸರಿ ಇದ್ದಾಗಲೂ ಸರಿ ಅನ್ನಿಸಿತು, ತಪ್ಪಿದಾಗಲೂ ಸರಿ ಅನ್ನಿಸಿತು.

ಆಗ ನನಗೆ ಡಿಪೋದ ದೂರಿನ ಪುಸ್ತಕ ನೆನಪಿಗೆ ಬಂತು. ಡ್ಯೂಟಿ ಮುಗಿದ ಮೇಲೆ ಬಸ್ಸಿನ ಕುಂದುಕೊರತೆಯನ್ನು ಡ್ರೈವರ್ ಅದರಲ್ಲಿ ಬರೆಯಬೇಕು. ಕಾಲು ಸುಡುವ ಹಿಂದಿನ ಚಳಿಗಾಲದಲ್ಲಿ ನಾನು ನಾಲ್ಕು ಸಲ ಬರೆದಿದ್ದೆ, ಬ್ರೇಕ್ ತಡವಾಗಿ ಹಿಡಿಯುತ್ತದೆ ಅಂತ. ದೇವದುರ್ಗದ ದಾರಿಯ ಗಬ್ಬೂರಿನಲ್ಲಿ ಒಮ್ಮೆ ಬ್ರೇಕ್ ಒತ್ತಿದರೂ ಬಸ್ಸು ಮುಂದಕ್ಕೆ ಹಾರಿತ್ತು. ರಸ್ತೆ ದಾಟುತ್ತಿದ್ದ ಒಬ್ಬ ಅಜ್ಜಿ ತಲೆಯ ಮೇಲಿನ ಬುಟ್ಟಿ ಕೆಡವಿ ಪಕ್ಕಕ್ಕೆ ಸರಿದು ಉಳಿದಿದ್ದಳು. ಮೆಕ್ಯಾನಿಕ್ ಶರಣಪ್ಪ ಚಕ್ರ ಬಿಚ್ಚಿ ನೋಡಿದ, ತಾನೇ ಓಡಿಸಿ ನೋಡಿದ, ಬ್ರೇಕ್ ಛಲೋ ಅದಾವ ಅಂದ. ಡಿಪೋದಲ್ಲಿ ಎಲ್ಲರ ಮುಂದೆ ಅವನಿಗೆ ಬಾಯಿಗೆ ಬಂದ ಹಾಗೆ ಬೈದೆ. ಜನರ ಜೀವದ ಜೊತೆ ಆಟ ಆಡುತ್ತೀಯಾ ಅಂದೆ. ನನಗೆ ಬೇರೆ ಬಸ್ಸು ಕೊಟ್ಟರು. ಅದರ ಬ್ರೇಕೂ ತಡವಾಗಿ ಹಿಡಿಯಿತು. ಅದನ್ನೂ ಬರೆದೆ.

ಇದನ್ನೆಲ್ಲ ಮೇಡಂಗೆ ಹೇಳಿದೆನೋ ಇಲ್ಲವೋ ನೆನಪಿಲ್ಲ. ಕುರ್ಚಿಯಿಂದ ಎದ್ದು ನೆಲದ ಮೇಲೆ ಕೂತುಬಿಟ್ಟೆ. ಅವರೂ ಎದುರಿಗೆ ನೆಲದ ಮೇಲೆ ಕೂತರು. ಪತ್ರ ಬರೆಯಂಗಿಲ್ಲೇನ್ರಿ ಅಂತ ಕೇಳಿದೆ. ನಾಚಿಕೆಗೆಟ್ಟವನ ಹಾಗೆ ಆಗಲೂ ಅದನ್ನೇ ಕೇಳಿದೆ.

"ಬರಿಯಂಗಿಲ್ರಿ ಅಣ್ಣ" ಅಂದರು. "ನಿಮ್ಮ ನಡಿಗಿ ಅಷ್ಟೇ ನೋಡಿದ್ರ ಬರೀತಿದ್ನೇನೋ, ಈಗ ಬ್ರೇಕಿನ ಕಾಲೂ ನೋಡೀನಿ. ಇವತ್ತು ನೀವೂ ನೋಡೀರಿ. ಇನ್ನ ಹೇಳೋದು ನಿಮಗ ಬಿಟ್ಟದ್ದು."

ಆ ವಾರ ನಿದ್ದೆ, ಊಟ ಎರಡೂ ಸರಿ ಆಗಲಿಲ್ಲ. ಮನೆಯಲ್ಲಿ ಏನೂ ಹೇಳಲಿಲ್ಲ. ತಪಾಸಣೆಯಲ್ಲಿ ಏನು ಕೇಳುತ್ತಾರೆ ಅಂತ ನನಗೆ ಗೊತ್ತಿತ್ತು. ಕಣ್ಣು, ಸಕ್ಕರೆ, ರಕ್ತದೊತ್ತಡ. ಮೂರೂ ಹತೋಟಿಯಲ್ಲಿದ್ದವು. ಗಾಯ ಮಾಯ್ದಿತ್ತು, ನಡಿಗೆ ಸುಧಾರಿಸಿತ್ತು. ಕುರ್ಚಿ, ಎರಡು ಮರದ ತುಂಡು ಇಟ್ಟು ಯಾರೂ ನೋಡುವುದಿಲ್ಲ. ಎಕ್ಸಲೇಟರಿಗೆ ಒರಟು ರಬ್ಬರು ಸುತ್ತಿದರೆ ಹೇಗೆ, ಆಗಾಗ ಕೆಳಗೆ ನೋಡಿಕೊಂಡರೆ ಹೇಗೆ ಅಂತ ಉಪಾಯ ಮಾಡುತ್ತಿದ್ದೆ. ಉಪಾಯ ಮುಗಿದ ಕೂಡಲೇ ಆ ಅಜ್ಜಿಯ ಬುಟ್ಟಿ ಕಣ್ಣ ಮುಂದೆ ಉರುಳುತ್ತಿತ್ತು.

ತಪಾಸಣೆಯ ದಿನ ಹುಲಿಗೆಮ್ಮ ತಾನೂ ಬರುತ್ತೇನೆ ಅಂದಳು. ರಾಯಚೂರಿನ ದವಾಖಾನೆಯ ವರಾಂಡದಲ್ಲಿ ಅವಳನ್ನು ಕೂರಿಸಿ ಒಳಗೆ ಹೋದೆ. ತಪಾಸಣೆಯ ಡಾಕ್ಟರು ಒಳ್ಳೆಯವರು, ಹಿರಿಯರು. ಕಣ್ಣು ನೋಡಿದರು, ಕಾಗದಗಳನ್ನು ಓದಿದರು, ಮಾಯ್ದ ಹಿಮ್ಮಡಿ ಒತ್ತಿ ನೋಡಿ ಹೆಂಡತಿ ಚೆನ್ನಾಗಿ ನೋಡಿಕೊಂಡಿದ್ದಾಳೆ ಅಂತ ಹೊಗಳಿದರು. ನಡೆಸಿ ನೋಡಿದರು. ನೆಟ್ಟಗೆ ನಡೆದೆ. ಕಲಿತದ್ದನ್ನೆಲ್ಲ ಹಾಕಿ ಅಷ್ಟು ಚೆಂದ ಯಾವತ್ತೂ ನಡೆದಿರಲಿಲ್ಲ. ಅವರು ಕೂತು ಪೆನ್ನಿನ ಮುಚ್ಚಳ ತೆಗೆದರು.

"ಮತ್ತ್ಯಾವ ತ್ರಾಸೂ ಇಲ್ಲಲ್ಲ?" ಅಂತ ಕೇಳಿದರು. ಎಲ್ಲರಿಗೂ ಕೇಳುವ ಮಾತು. ಇಲ್ಲ ಅಂದರೆ ಸಾಕಿತ್ತು.

"ಅದ ರೀ ಸರ್" ಅಂದೆ. "ನನ್ನ ಕಾಲು ಬ್ರೇಕಿನ ಮ್ಯಾಲ ಅದನೋ ಇಲ್ಲೋ ನೋಡದ ನನಗ ಗೊತ್ತಾಗಂಗಿಲ್ಲ. ನನಗ ಬಸ್ ಕೊಡಬ್ಯಾಡ್ರಿ."

ಅವರು ಕಾಗದ ಎಳೆದುಕೊಂಡು ಬರೆಯತೊಡಗಿದರು. ಆಮೇಲೆ ಏನು ಬರೆದರು, ನಾನು ಹೇಗೆ ಎದ್ದು ಬಂದೆ, ಒಂದೂ ಸರಿಯಾಗಿ ನೆನಪಿಲ್ಲ. ಎದೆಯ ಒಳಗಿನದನ್ನು ಯಾರೋ ತೆಗೆದಿಟ್ಟ ಹಾಗಾಗಿತ್ತು. ಡ್ರೈವರಪ್ಪ ಸತ್ತ ಅಂತ ಒಳಗೊಳಗೇ ಅಂದುಕೊಂಡೆ.

ವರಾಂಡದಲ್ಲಿ ಹುಲಿಗೆಮ್ಮ ಎದ್ದು ನಿಂತಳು. ಅವಳ ಪಕ್ಕದಲ್ಲಿ ಕೂತು ಎಲ್ಲ ಹೇಳಿದೆ. ಮರದ ತುಂಡು, ದೂರಿನ ಪುಸ್ತಕ, ಗಬ್ಬೂರು, ಕೊನೆಗೆ ಡಾಕ್ಟರಿಗೆ ಹೇಳಿದ್ದು. ಅವಳು ಗಾಬರಿಯಾಗುತ್ತಾಳೆ, ಅಳುತ್ತಾಳೆ, ಮುಂದೆ ಹೇಗೆ ಅಂತ ಕೇಳುತ್ತಾಳೆ ಅಂದುಕೊಂಡಿದ್ದೆ. ಸೆರಗಿನಿಂದ ಮುಖ ಒರೆಸಿಕೊಂಡಳು. ಗಾಬರಿ ಅವಳ ಮುಖದಲ್ಲಿ ಇರಲಿಲ್ಲ. ಗೊತ್ತಿತ್ತೇನು ನಿನಗೆ ಅಂತ ಕೇಳಿದೆ.

ಅವಳು ನೆಲ ನೋಡುತ್ತಾ ಹೇಳಿದಳು, "ಕಾಲು ಸುಡೂಕಿಂತ ಒಂದ್ ವರ್ಷ ಮೊದಲ, ಹೊಸ್ತಿಲ ದಾಟುವಾಗ ಕಾಲು ಎಲ್ಲಿಟ್ಟೀನಿ ಅಂತ ಬಗ್ಗಿ ನೋಡ್ಕೋತಿದ್ರಿ. ಆವಾಗಿಂದ ಮಗಳನ್ನ ನಿಮ್ಮ ಬಸ್ಸಿಗೆ ಕಳಿಸಿಲ್ರಿ ನಾ."

ನಮ್ಮ ಮಗಳು ರಾಯಚೂರಿನ ಕಾಲೇಜಿಗೆ ಹೋಗುತ್ತಾಳೆ. ಮಾನ್ವಿಯಿಂದ ಎಂಟಕ್ಕೆ ಹೊರಡುವ ನನ್ನ ಬಸ್ಸು ಬಿಟ್ಟು ಒಂದು ವರ್ಷ ಏಳರ ಬಸ್ಸಿಗೆ ಹೋಗಿದ್ದಳು. ಬೆಳಗಿನ ಕ್ಲಾಸು ಇದೆ ಅಂತ ತಾಯಿ ಮಗಳು ಹೇಳಿದ್ದರು, ನಂಬಿದ್ದೆ. ನನಗೆ ಯಾಕೆ ಹೇಳಲಿಲ್ಲ ಅಂತ ಕೇಳಲು ಬಾಯಿ ತೆರೆದೆ. ಕೇಳಲಿಲ್ಲ. ಹೇಳಿದ್ದರೆ ಶರಣಪ್ಪನಿಗೆ ಬೈದ ಹಾಗೆ ಅವಳಿಗೂ ಬೈದು, ಮರುದಿನ ಮಗಳನ್ನು ನನ್ನ ಹಿಂದಿನ ಸೀಟಿನಲ್ಲೇ ಕೂರಿಸಿಕೊಂಡು ಹೋಗುತ್ತಿದ್ದೆ. ಅವಳಿಗೆ ನಾನು ಗೊತ್ತು. ಹೆದರಿದ ಹೆಂಗಸು ತನ್ನ ಕೈಲಾದಷ್ಟು ಮಾಡಿದ್ದಳು. ಮಗಳನ್ನು ಇಳಿಸಿಕೊಂಡಿದ್ದಳು.

ಉಳಿದವರ ಮಕ್ಕಳು ಆ ವರ್ಷವೆಲ್ಲ ದಿನಾ ಎಂಟಕ್ಕೆ ಬಂದು, ನಮಸ್ಕಾರ ಅಂಕಲ್ ಅಂತ ನನಗೆ ಹೇಳಿ, ಹಿಂದೆ ಹೋಗಿ ಕೂತಿದ್ದರು.